ಕನ್ನಡ ವಾಕ್ಯದಲ್ಲಿ ಅರ್ಧವಿರಾಮಕ್ಕೆ ಎಲ್ಲಿ ಜಾಗ?

ಮೊದಲು ಈ ಮೂರು ಸಾಲುಗಳನ್ನು ಓದಿ ನೋಡಬಹುದು.

ಮಳೆ ನಿಂತಿತು. ಹೊಳೆ ಇಳಿಯಲಿಲ್ಲ.

ಮಳೆ ನಿಂತಿತು; ಹೊಳೆ ಇಳಿಯಲಿಲ್ಲ.

ಮಳೆ ನಿಂತರೂ ಹೊಳೆ ಇಳಿಯಲಿಲ್ಲ.

ಮೂರೂ ಸಾಲುಗಳು ಹೇಳುವ ಸಂಗತಿ ಒಂದೇ. ಮೊದಲನೆಯದು ಎರಡು ಬಿಡಿ ಸುದ್ದಿಗಳನ್ನು ಕೊಡುತ್ತದೆ; ಅವುಗಳ ನಡುವೆ ನಂಟು ಕಂಡರೆ ಅದು ಓದುಗರು ತಾವಾಗಿ ಕಂಡುಕೊಂಡದ್ದು. ಮೂರನೆಯದರಲ್ಲಿ ನಂಟನ್ನು ವ್ಯಾಕರಣವೇ ಹೇಳಿಬಿಡುತ್ತದೆ: ‘ನಿಂತರೂ’ ಎಂದ ಕೂಡಲೇ ನಿರೀಕ್ಷೆಗೆ ವಿರುದ್ಧವಾದದ್ದೇನೋ ಮುಂದೆ ಬರಲಿದೆ ಎಂದು ಗೊತ್ತಾಗುತ್ತದೆ, ಮಳೆಯ ಸಂಗತಿ ಹೊಳೆಯ ಸಂಗತಿಗೆ ಅಧೀನವಾಗಿ ಹಿಂದಕ್ಕೆ ಸರಿಯುತ್ತದೆ. ಎರಡನೆಯ ಸಾಲಿನಲ್ಲಿ ಎರಡೂ ಮಾತುಗಳು ತಮ್ಮ ಪೂರ್ಣ ತೂಕವನ್ನು ಉಳಿಸಿಕೊಂಡಿವೆ, ಒಂದರ ಕೈಕೆಳಗೆ ಇನ್ನೊಂದು ಹೋಗಿಲ್ಲ. ಆದರೂ ಇವನ್ನು ಒಟ್ಟಿಗೇ ಓದಬೇಕು ಎಂಬ ಸೂಚನೆ ಇದೆ. ನಂಟು ಇದೆಯೆಂದು ತಿಳಿಸಿ, ಅದು ಯಾವ ನಂಟು ಎಂಬುದನ್ನು ಹೇಳದೆ ಬಿಡುವುದು ಅರ್ಧವಿರಾಮದ (;) ಮುಖ್ಯ ಕೆಲಸ.

ಕನ್ನಡದಲ್ಲಿ ಈ ಚಿಹ್ನೆಯನ್ನು ಬಳಸಲು ಕಲಿಯುವವರಿಗೆ ತೊಡಕಾಗುವುದೂ ಇಲ್ಲಿಯೇ. ನಮ್ಮಲ್ಲಿ ಬಹುಮಂದಿ ಇದರ ಬಳಕೆಯನ್ನು ಇಂಗ್ಲಿಷ್ ತರಗತಿಯಲ್ಲಿ ಕಲಿತು, ಅಲ್ಲಿನ ನಿಯಮವನ್ನೇ ಕನ್ನಡಕ್ಕೂ ಹೊಂದಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಎರಡು ಸ್ವತಂತ್ರ ಉಪವಾಕ್ಯಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಕನ್ನಡದ ಕ್ರಿಯಾಪದಕ್ಕಾದರೋ ಮುಂದಿನ ಮಾತಿನ ಜೊತೆ ತಾನೇ ಬೆಸೆದುಕೊಳ್ಳುವ ರೂಪಗಳು ಧಾರಾಳವಾಗಿವೆ. ‘ನಿಂತು’, ‘ನಿಂತರೆ’, ‘ನಿಂತರೂ’, ‘ನಿಂತದ್ದರಿಂದ’, ‘ನಿಲ್ಲುತ್ತಲೇ’, ‘ನಿಂತ ಮೇಲೆ’, ‘ನಿಲ್ಲುವವರೆಗೆ’: ಒಂದೇ ಧಾತುವಿನ ಈ ರೂಪಗಳು ಕಾಲ, ಕಾರಣ, ಷರತ್ತು, ವಿರೋಧ ಇವೆಲ್ಲವನ್ನೂ ಚಿಹ್ನೆಯ ನೆರವಿಲ್ಲದೆ ಹೇಳಬಲ್ಲವು. ಇಷ್ಟು ಸಲಕರಣೆ ಕೈಯಲ್ಲಿರುವ ಭಾಷೆಯಲ್ಲಿ ಅರ್ಧವಿರಾಮ ಬೇಕಾಗುವ ಸ್ಥಳಗಳು ಕಡಿಮೆಯೇ. ಬೇಕಾದಲ್ಲಿ ಮಾತ್ರ ಅದರ ಬದಲಿಗೆ ಇನ್ನೊಂದು ಸಲ್ಲದು.

ಈ ಚಿಹ್ನೆ ಹುಟ್ಟಿದ್ದು 1490ರ ದಶಕದ ವೆನಿಸ್‌ನಲ್ಲಿ, ಆಲ್ಡಸ್ ಮನೂಶಿಯಸ್ ಎಂಬ ಮುದ್ರಕನ ಅಚ್ಚುಕೂಟದಲ್ಲಿ. ಅದರ ಮೊಳೆಯನ್ನು ಕೆತ್ತಿದವನು ಅವನ ಅಕ್ಷರಶಿಲ್ಪಿ ಫ್ರಾನ್ಸೆಸ್ಕೊ ಗ್ರಿಫೊ. ಇದೇ ಆಕಾರ ಗ್ರೀಕ್ ಬರವಣಿಗೆಯಲ್ಲಿ ಇಂದಿಗೂ ಪ್ರಶ್ನಾರ್ಥಕ ಚಿಹ್ನೆಯಾಗಿದೆ, ಹೀಗಾಗಿ ಚಿಹ್ನೆಯ ರೂಪಕ್ಕೂ ಕೆಲಸಕ್ಕೂ ಹುಟ್ಟಿನಿಂದ ಬಂದ ಸಂಬಂಧವೇನೂ ಇಲ್ಲ. ನಮ್ಮ ತಾಳೆಗರಿಗಳಲ್ಲಿ ಪದ್ಯದ ಪಾದ ಮತ್ತು ಕೊನೆಯನ್ನು ಗುರುತಿಸುವ ದಂಡಗಳಿದ್ದವೇ ಹೊರತು ವಾಕ್ಯದ ಒಳಗಿನ ಕೀಲುಗಳನ್ನು ತೋರಿಸುವ ಗುರುತುಗಳಿರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದು 1843ರಲ್ಲಿ. ಆ ಶತಮಾನದಲ್ಲಿ ಅಚ್ಚಿನ ಜೊತೆಜೊತೆಗೆ ಪಾಶ್ಚಾತ್ಯ ಲೇಖನ ಚಿಹ್ನೆಗಳೂ ಕನ್ನಡ ಗದ್ಯಕ್ಕೆ ಬಂದು ನೆಲೆಯಾದವು. ಹಳಗನ್ನಡ ಗದ್ಯಕ್ಕೆ ಇವು ಇಲ್ಲದೆಯೂ ನಡೆದಿತ್ತು, ಏಕೆಂದರೆ ಅಲ್ಲಿ ಕೃದಂತಗಳ ಸರಪಳಿ ವಾಕ್ಯವನ್ನು ಕೊನೆಯ ಕ್ರಿಯಾಪದದವರೆಗೆ ಕೈಹಿಡಿದು ನಡೆಸಿಕೊಂಡು ಹೋಗುತ್ತಿತ್ತು.

ಶಾಲೆಯಲ್ಲಿ ಸಾಮಾನ್ಯವಾಗಿ ಕಲಿಸುವ ನಿಯಮವನ್ನು ಇಲ್ಲಿ ಪರಿಶೀಲಿಸಬೇಕು. ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾಗಿ ಹಲವು ಉಪವಾಕ್ಯಗಳು ಬಂದಾಗ, ಪ್ರತಿ ಉಪವಾಕ್ಯ ಮುಗಿದಾಗಲೂ ಅರ್ಧವಿರಾಮ ಹಾಕಬೇಕು ಎಂಬುದು ಆ ನಿಯಮದ ತಿರುಳು. ಅದೇ ವ್ಯಾಕರಣ ಪಾಠದ ಇನ್ನೊಂದು ಪುಟದಲ್ಲಿ ವಾಕ್ಯಗಳ ವಿಂಗಡಣೆ ಇರುತ್ತದೆ: ಸ್ವತಂತ್ರವಾಗಿ ನಿಲ್ಲಬಲ್ಲ ಉಪವಾಕ್ಯಗಳು ಕೂಡಿ ಆದದ್ದು ಸಂಯೋಜಿತ ವಾಕ್ಯ; ಉಪವಾಕ್ಯಗಳು ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾಗಿದ್ದರೆ ಅದು ಮಿಶ್ರವಾಕ್ಯ. ಎರಡನ್ನೂ ಜೊತೆಗಿಟ್ಟು ಓದಿದರೆ ಅರ್ಧವಿರಾಮದ ಜಾಗ ಮಿಶ್ರವಾಕ್ಯ ಎಂದು ತೀರ್ಮಾನಿಸಬೇಕಾಗುತ್ತದೆ. ಆದರೆ ಅಚ್ಚುಕಟ್ಟಾಗಿ ತಿದ್ದಿದ ಯಾವುದೇ ಕನ್ನಡ ಪುಸ್ತಕವನ್ನು ತೆರೆದರೂ ಈ ಚಿಹ್ನೆ ಹೆಚ್ಚಾಗಿ ಕಾಣುವುದು ಸಂಯೋಜಿತ ವಾಕ್ಯದಲ್ಲಿ. ‘ಅವನು ಬರುತ್ತಾನೆ ಎಂದು; ನಾನು ಕಾಯುತ್ತಿದ್ದೆ’ ಎಂದು ಯಾವ ಕರಡು ತಿದ್ದುವವರೂ ಬಿಡುವುದಿಲ್ಲ, ನಿಯಮದ ಅಕ್ಷರಾರ್ಥಕ್ಕೆ ಅದು ಸರಿಹೊಂದಿದರೂ. ನಿಯಮವನ್ನು ಬರೆದವರ ಮನಸ್ಸಿನಲ್ಲಿ ಒಂದೇ ಅಭಿಪ್ರಾಯಕ್ಕೆ ಸೇರಿದ ಸಮಬಲದ ವಾಕ್ಯಗಳು ಇದ್ದಿರಬೇಕು. ‘ಅಧೀನ’ ಎಂದು ಹೇಳಿದ್ದರಿಂದ ಮಕ್ಕಳು ತದ್ವಿರುದ್ಧವಾದದ್ದನ್ನು ಕಲಿಯುವಂತಾಗಿದೆ.

ಹಾಗಾದರೆ ಬಳಸಬಹುದಾದ ಪರೀಕ್ಷೆ ಯಾವುದು? ಅರ್ಧವಿರಾಮ ಹಾಕಬೇಕೆಂದಿರುವ ಜಾಗದಲ್ಲಿ ಪೂರ್ಣವಿರಾಮ ಹಾಕಿ ನೋಡುವುದು. ಎಡಗಡೆ ಉಳಿದದ್ದು ಕೇಳುವವರನ್ನು ಕಾಯಿಸದೆ ಮುಗಿಯುತ್ತದೆಯೇ, ಬಲಗಡೆ ಉಳಿದದ್ದು ಹೊಸ ವಾಕ್ಯವಾಗಿ ಆರಂಭವಾಗಬಲ್ಲದೇ ಎಂದು ಕೇಳಿಕೊಳ್ಳುವುದು. ಎರಡಕ್ಕೂ ಹೌದು ಎಂದಾದರೆ ಅರ್ಧವಿರಾಮಕ್ಕೆ ವ್ಯಾಕರಣದ ಒಪ್ಪಿಗೆ ಇದೆ. ‘ಬಾಗಿಲು ತೆರೆದು; ಒಳಗೆ ಹೋದಳು’ ಎಂಬುದು ಮೊದಲ ಪ್ರಶ್ನೆಯಲ್ಲೇ ಬೀಳುತ್ತದೆ, ಏಕೆಂದರೆ ‘ತೆರೆದು’ ಎಂಬಲ್ಲಿ ಯಾರೂ ಮಾತು ನಿಲ್ಲಿಸುವುದಿಲ್ಲ. ‘ಬೆಲೆ ಏರಿದರೆ; ಕೊಳ್ಳುವವರು ಕಡಿಮೆಯಾಗುತ್ತಾರೆ’ ಎಂಬುದೂ ಹಾಗೆಯೇ. ‘ಏರಿದರೆ’ ಎಂಬಲ್ಲಿ ಉಸಿರು ಎಳೆದುಕೊಳ್ಳುವುದು ನಿಜ, ಭಾಷಣಕಾರರು ಅಲ್ಲಿ ಸಾಕಷ್ಟು ಹೊತ್ತು ನಿಲ್ಲುವುದೂ ನಿಜ. ಆದರೆ ಉಸಿರಿನ ಲೆಕ್ಕದಲ್ಲಿ ಚಿಹ್ನೆ ಹಾಕಲು ಹೊರಟರೆ ಒಬ್ಬೊಬ್ಬರ ಶ್ವಾಸಕೋಶಕ್ಕೆ ಒಂದೊಂದು ವ್ಯಾಕರಣ ಬೇಕಾಗುತ್ತದೆ. ಅಲ್ಲಿ ಅಲ್ಪವಿರಾಮ ಸಾಕು, ವಾಕ್ಯ ಚಿಕ್ಕದಾದರೆ ಅದೂ ಬೇಡ.

ಪರೀಕ್ಷೆಯನ್ನು ‘ಪೂರ್ಣ ಕ್ರಿಯಾಪದ ಇದೆಯೇ’ ಎಂದು ಬದಲಿಸಿಕೊಳ್ಳುವ ಆಸೆಯಾಗಬಹುದು. ಹಾಗೆ ಮಾಡಿದರೆ ಕನ್ನಡದ ಒಂದು ದೊಡ್ಡ ವರ್ಗದ ವಾಕ್ಯಗಳು ಹೊರಗುಳಿಯುತ್ತವೆ. ‘ಅವರ ಊರು ಶಿರಸಿ; ಓದಿದ್ದು ಧಾರವಾಡದಲ್ಲಿ.’ ಇಲ್ಲಿ ಎಡಗಡೆ ಕ್ರಿಯಾಪದವೇ ಇಲ್ಲ, ಬಲಗಡೆ ಇರುವ ‘ಓದಿದ್ದು’ ನಾಮಪದದ ಕೆಲಸ ಮಾಡುತ್ತಿದೆ. ಆದರೂ ಎರಡೂ ಸಂಪೂರ್ಣ ವಾಕ್ಯಗಳೇ. ಕನ್ನಡಕ್ಕೆ ‘ಆಗಿದೆ’ ಎಂಬ ಊರುಗೋಲು ಬೇಕಿಲ್ಲ. ಇಂಗ್ಲಿಷಿನಿಂದ ಅನುವಾದಿಸುವವರು ‘ಅವರ ಊರು ಶಿರಸಿ ಆಗಿದೆ’ ಎಂದು ಬರೆಯುವಾಗ ಮರೆಯುವುದು ಇದನ್ನೇ.

ಅರ್ಧವಿರಾಮದ ಸೂಕ್ಷ್ಮವನ್ನು ಅತ್ಯಂತ ಚೆನ್ನಾಗಿ ತೋರಿಸುವುದು ಕ್ರಿಯಾಪದವನ್ನು ಒಮ್ಮೆ ಮಾತ್ರ ಹೇಳಿ ಎರಡು ಕಡೆಗೆ ಅನ್ವಯಿಸುವ ವಾಕ್ಯಗಳು.

ಅಣ್ಣನಿಗೆ ಹೊಲ ಸಿಕ್ಕಿತು; ತಮ್ಮನಿಗೆ ಮನೆ.

ಅಣ್ಣನಿಗೆ ಹೊಲ, ತಮ್ಮನಿಗೆ ಮನೆ ಸಿಕ್ಕಿತು.

ಪದಗಳು ಅವೇ, ‘ಸಿಕ್ಕಿತು’ ಮಾತ್ರ ಜಾಗ ಬದಲಿಸಿದೆ. ಅದರೊಂದಿಗೆ ಚಿಹ್ನೆಯೂ ಬದಲಾಗಲೇಬೇಕು. ಮೊದಲ ವಾಕ್ಯದಲ್ಲಿ ‘ಸಿಕ್ಕಿತು’ ಎಂಬಲ್ಲಿಗೆ ಒಂದು ಮಾತು ಮುಗಿದುಹೋಯಿತು, ‘ತಮ್ಮನಿಗೆ ಮನೆ’ ಎಂಬುದು ಮುಗಿದ ಮಾತಿನ ಅಚ್ಚಿನಲ್ಲೇ ತನ್ನನ್ನು ತಾನು ತುಂಬಿಕೊಳ್ಳುತ್ತದೆ. ಎರಡನೆಯ ವಾಕ್ಯದಲ್ಲಿ ‘ಅಣ್ಣನಿಗೆ ಹೊಲ’ ಎಂದಾಗ ಓದುಗರು ಇನ್ನೂ ಕಾಯುತ್ತಿದ್ದಾರೆ: ಸಿಕ್ಕಿತೋ, ಬೇಕಿತ್ತೋ, ಕೈತಪ್ಪಿತೋ ಗೊತ್ತಿಲ್ಲ. ಅಲ್ಲಿ ಅರ್ಧವಿರಾಮ ಹಾಕಿದರೆ ಕಾಯುವಿಕೆಯ ನಡುವೆ ಬಾಗಿಲು ಮುಚ್ಚಿದಂತಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಓದುವುದೆಂದರೆ ಬಹುಮಟ್ಟಿಗೆ ಕಾಯುವುದೇ. ಅಲ್ಪವಿರಾಮ ಆ ಕಾಯುವಿಕೆಯನ್ನು ಮುಂದುವರಿಸುತ್ತದೆ. ಅರ್ಧವಿರಾಮ ಅದನ್ನು ಮುಗಿಸುತ್ತದೆ, ಆದರೆ ಎದ್ದು ಹೋಗಲು ಬಿಡುವುದಿಲ್ಲ. ಮೊದಲ ಬಗೆಯ ವಾಕ್ಯದ ಬಲಗಡೆ ಪೂರ್ಣವಿರಾಮದ ಪರೀಕ್ಷೆಯಲ್ಲಿ ತಡವರಿಸುತ್ತದೆ ಎಂಬ ಆಕ್ಷೇಪ ಬರಬಹುದು. ‘ತಮ್ಮನಿಗೆ ಮನೆ’ ಎಂಬುದು ಒಂಟಿಯಾಗಿ ಸೊರಗಿದಂತೆ ಕಾಣುವುದು ಹೌದು. ಅದಕ್ಕಾಗಿಯೇ ಅಲ್ಲಿ ಪೂರ್ಣವಿರಾಮಕ್ಕಿಂತ ಅರ್ಧವಿರಾಮ ಸೊಗಸು: ಪಕ್ಕದ ವಾಕ್ಯದ ಕ್ರಿಯಾಪದವನ್ನು ಎರವಲು ಪಡೆಯುವಷ್ಟು ಹತ್ತಿರದಲ್ಲಿ ಅದು ಎರಡನ್ನೂ ಇಡುತ್ತದೆ.

‘ಆದರೆ’, ‘ಆದ್ದರಿಂದ’, ‘ಹೀಗಾಗಿ’, ‘ಅಲ್ಲದೆ’, ‘ಏಕೆಂದರೆ’ ಮುಂತಾದ ಜೋಡಣೆಯ ಪದಗಳ ಹಿಂದೆ ಅರ್ಧವಿರಾಮ ಹಾಕುವ ರೂಢಿ ಚೆನ್ನಾಗಿ ಬೇರೂರಿದೆ. ಇಲ್ಲಿ ನಂಟು ಯಾವುದೆಂದು ಪದವೇ ಹೇಳುತ್ತದೆ, ಚಿಹ್ನೆ ಎರಡೂ ಕಡೆಯ ತೂಕವನ್ನು ಕಾಯುತ್ತದೆ. ‘ಅರ್ಜಿ ಸಲ್ಲಿಸಿದ್ದಾರೆ; ಆದರೆ ಶುಲ್ಕ ಕಟ್ಟಿಲ್ಲ’ ಎಂಬ ವಾಕ್ಯವನ್ನು ‘ಅರ್ಜಿ ಸಲ್ಲಿಸಿದ್ದರೂ ಶುಲ್ಕ ಕಟ್ಟಿಲ್ಲ’ ಎಂದು ಬದಲಿಸಿದರೆ ಅರ್ಜಿ ಸಲ್ಲಿಸಿದ್ದು ಒಂದು ರಿಯಾಯಿತಿಯ ಮಟ್ಟಕ್ಕೆ ಇಳಿದು ತಪ್ಪಷ್ಟೇ ಎದ್ದು ಕಾಣುತ್ತದೆ. ಕಚೇರಿಯ ಪತ್ರದಲ್ಲಿ ಎರಡೂ ಸಂಗತಿಗಳನ್ನು ದಾಖಲಿಸಬೇಕಾದಾಗ ಮೊದಲ ರೂಪವೇ ಹೆಚ್ಚು ನ್ಯಾಯವಾದದ್ದು. ಇದಕ್ಕೆ ಎರಡು ಎಚ್ಚರಿಕೆಗಳು ಬೇಕು. ಒಂದು, ‘ಆದರೆ’ ಎಂಬುದು ಷರತ್ತಿನ ರೂಪವೂ ಹೌದು. ‘ಒಳ್ಳೆಯ ಮಳೆ ಆದರೆ ಜೋಳ ಬಿತ್ತುತ್ತಾರೆ’ ಎಂಬಲ್ಲಿ ಅದರ ಹಿಂದೆ ಯಾವ ಚಿಹ್ನೆಯೂ ಬರುವಂತಿಲ್ಲ, ‘ಒಳ್ಳೆಯ ಮಳೆ ಆಯಿತು; ಆದರೆ ಯಾರೂ ಜೋಳ ಬಿತ್ತಲಿಲ್ಲ’ ಎಂಬಲ್ಲಿ ಬರಬಹುದು. ಎರಡು, ‘ಏಕೆಂದರೆ’ ಕಂಡಲ್ಲೆಲ್ಲ ಅರ್ಧವಿರಾಮ ಇಡುವ ಮೊದಲು ‘ಏಕೆಂದರೆ’ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ‘ಸಭೆಯನ್ನು ಮುಂದೂಡಲಾಯಿತು; ಏಕೆಂದರೆ ಅಧ್ಯಕ್ಷರು ಬಂದಿರಲಿಲ್ಲ’ ಎಂಬುದು ತಪ್ಪಲ್ಲ. ‘ಅಧ್ಯಕ್ಷರು ಬಾರದ್ದರಿಂದ ಸಭೆಯನ್ನು ಮುಂದೂಡಲಾಯಿತು’ ಎಂಬುದರಲ್ಲಿ ಮಾತ್ರ ಕನ್ನಡ ತನ್ನ ಕಾಲ ಮೇಲೆ ನಿಂತಿದೆ.

ಇಂಗ್ಲಿಷಿನಲ್ಲಿ ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಹಾಕುವುದನ್ನು ಶಿಕ್ಷಕರು ದೊಡ್ಡ ತಪ್ಪೆಂದು ಎಣಿಸುತ್ತಾರೆ. ಕನ್ನಡ ಅಷ್ಟು ಕಟ್ಟುನಿಟ್ಟಲ್ಲ, ಆಗಬೇಕಾಗಿಯೂ ಇಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಎರಡು ಭಾಗಗಳೂ ತಾವಾಗಿ ಪೂರ್ಣ. ಅರ್ಧವಿರಾಮ ಹಾಕಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಅಲ್ಲಿ ಪ್ರಾಸವೂ ಸಮತೋಲವೂ ಎಷ್ಟು ಗಟ್ಟಿಯಾಗಿವೆಯೆಂದರೆ ಗೆರೆ ಎಲ್ಲಿದೆ ಎಂದು ಕಿವಿಗೇ ಗೊತ್ತಾಗುತ್ತದೆ, ಅಲ್ಪವಿರಾಮ ಧಾರಾಳವಾಗಿ ಸಾಕು. ‘ಅಪ್ಪನೂ ಒಪ್ಪಲಿಲ್ಲ, ಅಮ್ಮನೂ ಒಪ್ಪಲಿಲ್ಲ’ ಎಂಬಲ್ಲಿ ‘ಊ’ಕಾರಗಳೇ ಎರಡನ್ನೂ ಜೋಡಿಸಿಬಿಟ್ಟಿವೆ. ಚಿಕ್ಕದು, ಸಮನಾದದ್ದು, ಒಂದೇ ಅಚ್ಚಿನದು ಆದಷ್ಟೂ ಅಲ್ಪವಿರಾಮದ ಕಡೆಗೆ. ಉದ್ದವಾದಷ್ಟೂ, ಎರಡು ಭಾಗಗಳ ಕಟ್ಟಡ ಬೇರೆಬೇರೆಯಾದಷ್ಟೂ, ಒಳಗೆ ಆಗಲೇ ಅಲ್ಪವಿರಾಮಗಳಿದ್ದಷ್ಟೂ ಅರ್ಧವಿರಾಮದ ಕಡೆಗೆ ವಾಲಬೇಕು.

ಒಳಗೆ ಆಗಲೇ ಅಲ್ಪವಿರಾಮಗಳಿರುವ ಸಂದರ್ಭವೇ ಅರ್ಧವಿರಾಮದ ಇನ್ನೊಂದು ಕೆಲಸಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಇದಕ್ಕೂ ವಾಕ್ಯ ಮುಗಿಯುವುದಕ್ಕೂ ಸಂಬಂಧವಿಲ್ಲ. ಪಟ್ಟಿಯೊಳಗಿನ ಗುಂಪುಗಳನ್ನು ಬೇರ್ಪಡಿಸುವುದಷ್ಟೇ ಇದರ ಉದ್ದೇಶ. ಎಲ್ಲರೂ ನೋಡಿರುವ ಉದಾಹರಣೆ ಭಾರತ ಸಂವಿಧಾನದ ಪ್ರಸ್ತಾವನೆ. 1949ರ ನವೆಂಬರ್ 26ರಂದು ಅಂಗೀಕಾರವಾದ ಆ ಪಠ್ಯ ಒಂದೇ ಒಂದು ವಾಕ್ಯ. ನಾಗರಿಕರಿಗೆ ದೊರಕಿಸಿಕೊಡಬೇಕಾದ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಇವುಗಳ ಒಳವಿವರಗಳನ್ನು ಇಂಗ್ಲಿಷ್ ಪಠ್ಯ ಅಲ್ಪವಿರಾಮದಿಂದಲೂ, ಒಂದೊಂದು ಗುಂಪನ್ನು ಅರ್ಧವಿರಾಮದಿಂದಲೂ ಬೇರ್ಪಡಿಸುತ್ತದೆ. ಕನ್ನಡದಲ್ಲಿ ಅದೇ ಭಾಗದ ಸಾರವನ್ನು ಹೀಗೆ ಬರೆಯಬಹುದು:

ಸಾಮಾಜಿಕ, ಆರ್ಥಿಕ ಮತ್ತು ರಾಜಕೀಯ ನ್ಯಾಯ; ವಿಚಾರ, ಅಭಿವ್ಯಕ್ತಿ, ನಂಬಿಕೆ, ಶ್ರದ್ಧೆ ಮತ್ತು ಉಪಾಸನೆಯ ಸ್ವಾತಂತ್ರ್ಯ; ಸ್ಥಾನಮಾನ ಮತ್ತು ಅವಕಾಶಗಳ ಸಮಾನತೆ.

ಈಗ ಅರ್ಧವಿರಾಮಗಳನ್ನು ಅಲ್ಪವಿರಾಮಗಳಾಗಿ ಬದಲಿಸಿ ಓದಿದರೆ ‘ರಾಜಕೀಯ ನ್ಯಾಯ, ವಿಚಾರ, ಅಭಿವ್ಯಕ್ತಿ, ನಂಬಿಕೆ’ ಎಂದು ಎಲ್ಲವೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತವೆ. ಇಂಗ್ಲಿಷ್ ಓದುಗರಿಗೆ ಈ ತೊಂದರೆ ಅಷ್ಟಾಗಿ ಇಲ್ಲ, ಏಕೆಂದರೆ ಅಲ್ಲಿ ‘ಸ್ವಾತಂತ್ರ್ಯ’ ಎಂಬ ತಲೆಪದ ಮೊದಲು ಬಂದು ಅದರ ವಿವರಗಳು ಹಿಂದೆ ಬರುತ್ತವೆ. ತಲೆಪದ ಕಂಡಾಗ ಹೊಸ ಗುಂಪು ಆರಂಭವಾಯಿತೆಂದು ತಿಳಿಯುತ್ತದೆ. ಕನ್ನಡದಲ್ಲಿ ತಲೆಪದ ಗುಂಪಿನ ಕೊನೆಗೆ ಬರುತ್ತದೆ. ‘ವಿಚಾರ’ ಎಂಬ ಪದ ಹೊಸ ಗುಂಪಿನ ಮೊದಲನೆಯದೋ ಹಳೆಯ ಗುಂಪಿನ ಮುಂದುವರಿಕೆಯೋ ಎಂದು ಹೇಳಲು ಓದುಗರ ಬಳಿ ಚಿಹ್ನೆಯ ಹೊರತು ಬೇರೆ ಆಧಾರವಿಲ್ಲ. ವಾಕ್ಯಗಳ ನಡುವೆ ಅರ್ಧವಿರಾಮದ ಅಗತ್ಯ ನಮಗೆ ಇಂಗ್ಲಿಷಿಗಿಂತ ಕಡಿಮೆಯಾದರೆ, ಪಟ್ಟಿಗಳ ಒಳಗೆ ಹೆಚ್ಚು. ಇದನ್ನು ಗಮನಿಸದೆ, ಈ ಚಿಹ್ನೆಯೇ ಕನ್ನಡಕ್ಕೆ ಬೇಡ ಎಂದು ವಾದಿಸುವವರ ಮಾತನ್ನು ಒಪ್ಪುವುದು ಕಷ್ಟ.

ಪಟ್ಟಿಯಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಇನ್ನೊಂದು ತೊಡಕಿದೆ, ಅದು ವಿಭಕ್ತಿ ಪ್ರತ್ಯಯದ್ದು. ಹಳೆಯ ಧಾರವಾಡ ಜಿಲ್ಲೆಯಿಂದ 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಬೇರೆಯಾದವು. ಆ ಮೂರೂ ಜಿಲ್ಲೆಗಳ ಕೆಲವು ಊರುಗಳಲ್ಲಿ ಏನೋ ಒಂದು ಶಿಬಿರ ನಡೆಯುವುದನ್ನು ತಿಳಿಸಬೇಕಾಗಿದೆ ಎಂದುಕೊಳ್ಳೋಣ. ‘ಧಾರವಾಡ ಜಿಲ್ಲೆಯ ಹುಬ್ಬಳ್ಳಿ, ಕಲಘಟಗಿ, ಕುಂದಗೋಳ; ಹಾವೇರಿ ಜಿಲ್ಲೆಯ ಹಾನಗಲ್ಲ, ಸವಣೂರು, ರಾಣೆಬೆನ್ನೂರು; ಗದಗ ಜಿಲ್ಲೆಯ ರೋಣ, ನರಗುಂದಗಳಲ್ಲಿ ಶಿಬಿರ ನಡೆಯಲಿದೆ’ ಎಂದು ಬರೆದರೆ ಗುಂಪುಗಳು ಸ್ಪಷ್ಟ, ಆದರೆ ‘ಗಳಲ್ಲಿ’ ಎಂಬ ಪ್ರತ್ಯಯ ಕೊನೆಯ ಗುಂಪಿಗೆ ಮಾತ್ರ ಅಂಟಿಕೊಂಡಂತಾಗಿ ಮೊದಲೆರಡು ಗುಂಪುಗಳು ವಿಭಕ್ತಿಯಿಲ್ಲದೆ ತೇಲುತ್ತವೆ. ಅಲ್ಪವಿರಾಮಗಳನ್ನು ದಾಟಿ ಹಿಂದಕ್ಕೆ ಅನ್ವಯಿಸುವ ಶಕ್ತಿ ಕನ್ನಡದ ಪ್ರತ್ಯಯಕ್ಕೆ ಇದೆ. ‘ಹುಬ್ಬಳ್ಳಿ, ಕಲಘಟಗಿ, ಕುಂದಗೋಳಗಳಲ್ಲಿ’ ಎಂದರೆ ಮೂರೂ ಊರುಗಳು ಅದರ ತೆಕ್ಕೆಗೆ ಬರುತ್ತವೆ. ಅರ್ಧವಿರಾಮವನ್ನು ದಾಟಿ ಹಾಗೆ ಕೈಚಾಚಲು ಅದಕ್ಕೆ ಸಾಧ್ಯವಾಗುವುದಿಲ್ಲ. ಪರಿಹಾರ ಸುಲಭ: ಪಟ್ಟಿಯನ್ನು ಪ್ರತ್ಯಯವಿಲ್ಲದೆ ಮುಗಿಸಿ, ಎಲ್ಲವನ್ನೂ ಒಟ್ಟುಗೂಡಿಸುವ ಒಂದು ಪದವನ್ನು ತಂದು ಅದಕ್ಕೆ ವಿಭಕ್ತಿ ಹಚ್ಚುವುದು. ‘…ಗದಗ ಜಿಲ್ಲೆಯ ರೋಣ, ನರಗುಂದ – ಈ ಊರುಗಳಲ್ಲಿ ಶಿಬಿರ ನಡೆಯಲಿದೆ.’ ಅಥವಾ ಪ್ರತಿ ಗುಂಪಿಗೂ ಅದರ ಪ್ರತ್ಯಯವನ್ನು ಕೊಟ್ಟು ಬರೆಯುವುದು. ಪತ್ರಿಕೆಗಳ ಪ್ರಕಟಣೆ ವಿಭಾಗದಲ್ಲಿ ಈ ಒಂದು ತಪ್ಪು ಕಣ್ಣಿಗೆ ಬೀಳದ ದಿನ ಅಪರೂಪ.

ಚಿಹ್ನೆಯೊಂದು ವಾಕ್ಯದ ವ್ಯಾಪ್ತಿಯನ್ನು ಎಷ್ಟರಮಟ್ಟಿಗೆ ನಿರ್ಧರಿಸಬಲ್ಲದು ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಪ್ರಕರಣ ಪ್ರಸಿದ್ಧವಾಗಿದೆ. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮದ್ಯ ಮಾರಬಾರದು, ಭಾನುವಾರ ಇಡೀ ದಿನ ಮಾರಬಾರದು, ವಸತಿಗೃಹದವರು ತಮ್ಮಲ್ಲಿಗೆ ಬಂದ ಅತಿಥಿಗಳಿಗೆ ಕೊಡಬಹುದು ಎಂಬ ಅರ್ಥದ ಕಾನೂನು ಅಲ್ಲಿತ್ತು. ರಾತ್ರಿಯ ನಿಷೇಧದ ನಂತರ ಅರ್ಧವಿರಾಮವಿತ್ತು, ವಸತಿಗೃಹದ ವಿನಾಯಿತಿ ಭಾನುವಾರದ ಮಾತಿನ ಹಿಂದೆ ಬಂದಿತ್ತು. ಅರ್ಧವಿರಾಮದ ಆಚೆಗಿನ ವಿನಾಯಿತಿ ಈಚೆಗಿನ ರಾತ್ರಿ ನಿಷೇಧಕ್ಕೆ ಅನ್ವಯಿಸದು ಎಂದು 1900ರಲ್ಲಿ ನ್ಯಾಯಾಲಯ ತೀರ್ಮಾನಿಸಿತು, ಬಾಸ್ಟನ್‌ನ ಹೋಟೆಲುಗಳು ರಾತ್ರಿ 11ಕ್ಕೆ ಅತಿಥಿಗಳಿಗೂ ಮದ್ಯ ನಿಲ್ಲಿಸಬೇಕಾಯಿತು, ಕಾನೂನು ಬದಲಾದದ್ದು 1906ರಲ್ಲಿ. ಇದೇ ಕಾನೂನನ್ನು ಕನ್ನಡದಲ್ಲಿ ಬರೆದು ನೋಡಿದರೆ ಆಸಕ್ತಿಯ ವಿಷಯವೊಂದು ಹೊರಬರುತ್ತದೆ.

ವಸತಿಗೃಹದ ಅತಿಥಿಗಳಿಗೆ ಹೊರತು, ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೂ ಭಾನುವಾರ ಇಡೀ ದಿನವೂ ಮದ್ಯ ಮಾರತಕ್ಕದ್ದಲ್ಲ.

ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮದ್ಯ ಮಾರತಕ್ಕದ್ದಲ್ಲ; ಭಾನುವಾರ, ವಸತಿಗೃಹದ ಅತಿಥಿಗಳಿಗೆ ಹೊರತು, ಇಡೀ ದಿನ ಮಾರತಕ್ಕದ್ದಲ್ಲ.

ಮೊದಲನೆಯದರಲ್ಲಿ ವಿನಾಯಿತಿ ಎರಡಕ್ಕೂ ಸಲ್ಲುತ್ತದೆ, ಎರಡನೆಯದರಲ್ಲಿ ಭಾನುವಾರಕ್ಕೆ ಮಾತ್ರ. ಎರಡನೆಯದರಲ್ಲಿ ಅರ್ಧವಿರಾಮವನ್ನು ಅಳಿಸಿ ಅಲ್ಪವಿರಾಮ ಹಾಕಿದರೂ ಅರ್ಥ ಬದಲಾಗುವುದಿಲ್ಲ. ‘ಮಾರತಕ್ಕದ್ದಲ್ಲ’ ಎಂಬ ಮುಗಿತಾಯವೇ ಅಲ್ಲಿ ಗೋಡೆಯಾಗಿ ನಿಂತಿದೆ. ಕನ್ನಡದಲ್ಲಿ ವಾಕ್ಯದ ವ್ಯಾಪ್ತಿಯನ್ನು ಕಾಯುವುದು ಕ್ರಿಯಾಪದ. ಅರ್ಧವಿರಾಮ ಆ ಗಡಿಯನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ, ಗಡಿಯನ್ನು ತಾನೇ ಹುಟ್ಟಿಸುವುದಿಲ್ಲ. ಪಟ್ಟಿಯೊಳಗಾದರೆ ಗಡಿಯನ್ನು ಹುಟ್ಟಿಸುವುದೂ ಅದೇ.

ಬಳಕೆಯಲ್ಲಿ ಆಗುವ ತಪ್ಪುಗಳನ್ನು ಒಂದೇ ಕಡೆ ಕಾಣಲು ಒಂದು ಸೂಚನಾ ಫಲಕದ ಒಕ್ಕಣೆಯನ್ನು ಕಲ್ಪಿಸಿಕೊಳ್ಳಬಹುದು. ‘ಗ್ರಂಥಾಲಯವು ಹಳೆಯ ಕಟ್ಟಡದಲ್ಲಿದೆ; ಛಾವಣಿ ಸೋರುತ್ತಿರುವುದರಿಂದ; ಪುಸ್ತಕಗಳನ್ನು ಮೇಲಿನ ಕಪಾಟುಗಳಿಂದ ಇಳಿಸಿ; ನಡುವಿನ ಕೋಣೆಯಲ್ಲಿ ಜೋಡಿಸಲಾಗಿದೆ; ಓದುಗರು ಕುಳಿತುಕೊಳ್ಳಲು ಜಾಗವಿಲ್ಲ; ಆದರೆ ಪುಸ್ತಕ ಎರವಲು ಕೊಡುವುದು ನಿಂತಿಲ್ಲ; ಸಮಯ ಬೆಳಿಗ್ಗೆ 10ರಿಂದ 1.’ ಇಲ್ಲಿ ಆರು ಅರ್ಧವಿರಾಮಗಳಿವೆ. ‘ಸೋರುತ್ತಿರುವುದರಿಂದ’, ‘ಇಳಿಸಿ’ ಎಂಬವುಗಳ ನಂತರದವು ನೇರವಾಗಿ ತಪ್ಪು, ಮಾತು ಅಲ್ಲಿ ಮುಗಿದಿಲ್ಲ. ‘ಕಟ್ಟಡದಲ್ಲಿದೆ’, ‘ಜೋಡಿಸಲಾಗಿದೆ’, ‘ನಿಂತಿಲ್ಲ’ ಎಂಬವುಗಳ ನಂತರದವು ವ್ಯಾಕರಣಕ್ಕೆ ಒಪ್ಪುತ್ತವೆ, ಆದರೆ ಅಲ್ಲಿ ಜೊತೆಗೇ ಓದಬೇಕಾದ ವಿಶೇಷ ನಂಟೇನೂ ಇಲ್ಲ. ಎಲ್ಲವೂ ಪಕ್ಕದಲ್ಲಿವೆ ಎಂಬುದೊಂದೇ ಕಾರಣ. ಉಳಿಯಲು ಅರ್ಹವಾದದ್ದು ‘ಜಾಗವಿಲ್ಲ’ ಎಂಬುದರ ನಂತರದ್ದು ಮಾತ್ರ. ತಿದ್ದಿದರೆ ಹೀಗಾದೀತು: ‘ಗ್ರಂಥಾಲಯದ ಹಳೆಯ ಕಟ್ಟಡದ ಛಾವಣಿ ಸೋರುತ್ತಿರುವುದರಿಂದ ಪುಸ್ತಕಗಳನ್ನು ಮೇಲಿನ ಕಪಾಟುಗಳಿಂದ ಇಳಿಸಿ ನಡುವಿನ ಕೋಣೆಯಲ್ಲಿ ಜೋಡಿಸಲಾಗಿದೆ. ಓದುಗರು ಕುಳಿತುಕೊಳ್ಳಲು ಸದ್ಯಕ್ಕೆ ಜಾಗವಿಲ್ಲ; ಆದರೆ ಪುಸ್ತಕ ಎರವಲು ಕೊಡುವುದು ನಿಂತಿಲ್ಲ. ಸಮಯ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ.’ ಪಟ್ಟಿಯಲ್ಲದ ಒಂದೇ ವಾಕ್ಯದಲ್ಲಿ ಮೂರನೆಯ ಅರ್ಧವಿರಾಮ ಕಾಣಿಸಿಕೊಂಡರೆ ಆ ವಾಕ್ಯವನ್ನು ಬಿಚ್ಚಿ ಕಟ್ಟುವುದು ಮೇಲು.

ಪಟ್ಟಿಯನ್ನು ಆರಂಭಿಸುವ ಜಾಗದಲ್ಲಿ ಅರ್ಧವಿರಾಮ ಹಾಕುವುದೂ ವ್ಯಾಪಕವಾದ ತಪ್ಪು: ‘ಬೇಕಾದ ದಾಖಲೆಗಳು; ಪಡಿತರ ಚೀಟಿ, ಜಾತಿ ಪ್ರಮಾಣಪತ್ರ’. ಅಲ್ಲಿ ಬರಬೇಕಾದದ್ದು ವಿವರಣ ಚಿಹ್ನೆಯಾದ ಎರಡು ಚುಕ್ಕಿ. ಈ ತಪ್ಪಿಗೆ ಒಂದು ಕಾರಣ ಲಿಪಿಯಲ್ಲೇ ಇದ್ದರೂ ಇರಬಹುದು. ಎರಡು ಚುಕ್ಕಿಯ ಚಿಹ್ನೆ ವಿಸರ್ಗವನ್ನು ಹೋಲುವುದರಿಂದ ‘ದುಃಖ’ದ ವಿಸರ್ಗದ ಬದಲಿಗೆ ಆ ಚಿಹ್ನೆಯನ್ನು ಒತ್ತುವವರಿದ್ದಾರೆ, ಪದದ ಕೊನೆಯಲ್ಲಿ ಆ ಚಿಹ್ನೆ ಬಂದರೆ ವಿಸರ್ಗವೆಂದು ಓದುವವರೂ ಇದ್ದಾರೆ, ಆ ಗೊಂದಲವನ್ನು ತಪ್ಪಿಸಲು ಕೆಲವರು ಎರಡು ಚುಕ್ಕಿಯ ಮುಂದೆ ಒಂದು ಅಡ್ಡಗೆರೆಯನ್ನೂ ಸೇರಿಸುತ್ತಾರೆ. ಅಡ್ಡಗೆರೆ ಬೇಕಾದರೆ ಇರಲಿ, ಅರ್ಧವಿರಾಮ ಮಾತ್ರ ಆ ಕೆಲಸಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅದರ ಎರಡೂ ಕಡೆ ಸಮಬಲದವು ಇರಬೇಕು. ‘ಬೇಕಾದ ದಾಖಲೆಗಳು’ ಎಂಬುದು ಬರೀ ಶೀರ್ಷಿಕೆ.

ಕೀಲಿಮಣೆಯ ಕಷ್ಟವೂ ಇದೆ. ಕರ್ನಾಟಕ ಸರ್ಕಾರ ಒಪ್ಪಿರುವ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ಅರ್ಧವಿರಾಮ ತನ್ನ ಮಾಮೂಲಿ ಜಾಗದಲ್ಲೇ ಇರುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೀಲಿ ‘ಚ’ ಅಕ್ಷರಕ್ಕೆ ಮೀಸಲು, ಶಿಫ್ಟ್ ಜೊತೆ ಒತ್ತಿದರೆ ‘ಛ’. ಅರ್ಧವಿರಾಮ ಬೇಕಾದವರು ಇಂಗ್ಲಿಷಿಗೆ ಹೋಗಿ ಬರಬೇಕು. ಮೊಬೈಲಿನಲ್ಲಿ ಅದು ಸಾಮಾನ್ಯವಾಗಿ ಚಿಹ್ನೆಗಳ ಒಳಪುಟದಲ್ಲಿ ಅಡಗಿರುತ್ತದೆ. ಬೆರಳಿಗೆ ದೂರವಾದದ್ದು ಬರಹದಿಂದಲೂ ದೂರವಾಗುವುದು ಸಹಜ, ಹೀಗಾಗಿ ಅಲ್ಪವಿರಾಮವೇ ಎಲ್ಲ ಕೆಲಸಕ್ಕೂ ಬರುತ್ತಿದೆ. ಒತ್ತುವವರು ಗಮನಿಸಬೇಕಾದದ್ದು ಇಷ್ಟು: ಅರ್ಧವಿರಾಮ ಹಿಂದಿನ ಪದಕ್ಕೆ ಅಂಟಿಕೊಂಡಿರಬೇಕು, ಅದರ ಮುಂದೆ ಒಂದು ತೆರಪು ಬಿಡಬೇಕು. ಉದ್ಧರಣ ಚಿಹ್ನೆಯೊಂದಿಗೆ ಬಂದಾಗ ಅದು ಮುಚ್ಚುವ ಚಿಹ್ನೆಯ ಹೊರಗೆ ನಿಲ್ಲುತ್ತದೆ, ಏಕೆಂದರೆ ನಂಟು ಕಲ್ಪಿಸುತ್ತಿರುವುದು ಉದ್ಧರಿಸಿದವರು, ಮಾತನಾಡಿದವರಲ್ಲ. ಹಿಂದಿನ ಪದದಿಂದ ತೆರಪು ಬಿಟ್ಟು ಒತ್ತಿದರೆ ಅಂಕಣದ ಅಗಲಕ್ಕೆ ಸಾಲು ಮುರಿದಾಗ ಚಿಹ್ನೆ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಕರಡು ತಿದ್ದುವವರು ಮೊದಲು ಹುಡುಕುವುದು ಅದನ್ನೇ.